ಹಳೆಯ ಲೇಸರ್ ದೋಣಿ ಸಿಕ್ಕಿತೇ? ಮೊದಲು ಮಾಸ್ಟ್ ಕುಳಿಗೆ ನೀರು ಸುರಿಯಿರಿ

ವರ್ಷಗಟ್ಟಲೆ ಟಾರ್ಪಾಲಿನ್ ಕೆಳಗೆ ಬಿದ್ದಿದ್ದ ಲೇಸರ್, ಅಂದರೆ ಒಬ್ಬರೇ ನಡೆಸುವ ಸಣ್ಣ ಹಾಯಿದೋಣಿ, ಅಗ್ಗಕ್ಕೆ ಸಿಕ್ಕರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಹೊಸ ಹಾಯಿ, ಹೊಸ ಹಗ್ಗ, ಮಿರುಗುವ ರಾಟೆಗಳ ಕಡೆಗೆ. ಆ ದುಡ್ಡನ್ನು ಸ್ವಲ್ಪ ದಿನ ಜೇಬಿನಲ್ಲೇ ಇಟ್ಟುಕೊಳ್ಳಿ. ಬ್ರೂಸ್ ಕಿರ್ಬಿ ವಿನ್ಯಾಸ ಮಾಡಿದ ಈ 4.23 ಮೀಟರ್ ದೋಣಿಯ ಕೂವೆಮರಕ್ಕೆ, ಅಂದರೆ ಮಾಸ್ಟ್‌ಗೆ, ಅಕ್ಕಪಕ್ಕದಿಂದ ಎಳೆದು ಹಿಡಿಯುವ ತಂತಿಗಳೇ ಇಲ್ಲ. 7.06 ಚದರ ಮೀಟರ್ ಹಾಯಿ ಹಿಡಿದ ಗಾಳಿಯ ಒತ್ತಡವೆಲ್ಲ ಡೆಕ್‌ನಿಂದ, ಅಂದರೆ ಮೇಲ್ಹಾಸಿನಿಂದ, ತಳದವರೆಗೆ ಇಳಿಯುವ ಒಂದು ಫೈಬರ್ ಕೊಳವೆಯ ಮೇಲೆ ಬೀಳುತ್ತದೆ. ಮಾಸ್ಟ್ ಕೂರುವ ಕುಳಿ ಇದೇ. ಆ ಕುಳಿ ಗಟ್ಟಿಯಿದ್ದರೆ ದೋಣಿ ಉಳಿಯಿತು. ಇಲ್ಲದಿದ್ದರೆ ಜೋರು ಗಾಳಿಯಲ್ಲಿ ಮಾಸ್ಟ್ ಡೆಕ್ಕನ್ನೇ ಸೀಳಿಕೊಂಡು ಬೀಳುತ್ತದೆ.

ಪರೀಕ್ಷೆ ಸುಲಭ. ಕುಳಿಯೊಳಗಿನ ಮರಳು, ಕಸ ತೆಗೆದು ಅಂಚಿನವರೆಗೆ ನೀರು ತುಂಬಿ, ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ ಅರ್ಧ ಗಂಟೆ ಬಿಡಿ. ನೀರು ಇಳಿದರೆ ಕೊಳವೆ ಬಿರುಕು ಬಿಟ್ಟಿದೆ. ಇಳಿಯದಿದ್ದರೂ ಇನ್ನೊಂದು ಪರೀಕ್ಷೆ ಬಾಕಿ. ಮಾಸ್ಟ್‌ನ ಕೆಳತುಂಡನ್ನು ನಿಲ್ಲಿಸಿ ಒಬ್ಬರು ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಲಿ, ಇನ್ನೊಬ್ಬರು ದೋಣಿಯ ತಳಕ್ಕೆ ಅಂಗೈ ಒತ್ತಿ ಕೂರಲಿ. ಕಟಕಟ ಸದ್ದು ಬಂದರೆ, ತಳ ಕೈಗೆ ಉಬ್ಬಿ ತಗ್ಗಿದಂತೆ ತೋರಿದರೆ, ಕೊಳವೆಯ ಬುಡ ತಳದಿಂದ ಬಿಟ್ಟುಕೊಂಡಿದೆ ಎಂದೇ ಅರ್ಥ.

ಬರಿ ಒಡಲಿನ ತೂಕ 59 ಕಿಲೋ ಇರಬೇಕು. ಮುಂದೊಂದು ಹಿಂದೊಂದು ತೂಕದ ಯಂತ್ರ ಇಟ್ಟು ಎರಡನ್ನೂ ಕೂಡಿಸಿ. ಎರಡು ಮೂರು ಕಿಲೋ ಹೆಚ್ಚಿದ್ದರೆ ವಯಸ್ಸಿನ ಲೆಕ್ಕ. ಎಂಟು ಹತ್ತು ಕಿಲೋ ಹೆಚ್ಚಿದ್ದರೆ ಒಳಗಿನ ಫೋಮ್ ನೀರು ಕುಡಿದಿದೆ.

ಕೆಲಸ ಶುರುವಾಗುವುದು 150 ಮಿಲಿಮೀಟರ್‌ನ ಇನ್‌ಸ್ಪೆಕ್ಷನ್ ಮುಚ್ಚಳದಿಂದ. ಕೈ ಹಾಕಿದರೆ ಕುಳಿಯ ಬುಡ ಸಿಗುವಂಥ ಜಾಗ ನೋಡಿ ಡೆಕ್ಕನ್ನು ದುಂಡಗೆ ಕತ್ತರಿಸಿ. ಡೆಕ್ ಎಂದರೆ ಎರಡು ಫೈಬರ್ ಪದರದ ನಡುವೆ ಫೋಮ್. ಕತ್ತರಿಸಿದ ಅಂಚಿಗೆ ಎಪಾಕ್ಸಿ (ಎರಡು ದ್ರವ ಬೆರೆಸಿ ಗಟ್ಟಿಯಾಗಿಸುವ ಅಂಟು) ಬಳಿಯದೆ ಮುಚ್ಚಳ ಕೂರಿಸಿದರೆ, ನೀರು ಅಲ್ಲಿಂದಲೇ ಫೋಮ್‌ಗೆ ಇಳಿದು ಡೆಕ್ ಮೆತ್ತಗಾಗುತ್ತದೆ. ತೂತು ಕೊರೆದ ಮೇಲೆ ಸಣ್ಣ ಫ್ಯಾನ್ ಇಟ್ಟು, ಹಿಂಭಾಗದ ಬಂಗ್, ಅಂದರೆ ನೀರು ಬಿಡುವ ತೂತಿನ ಬಿರಡೆ, ತೆಗೆದು, ವಾರವಾದರೂ ಗಾಳಿಯಾಡಿಸಿ. ಒದ್ದೆ ಫೈಬರ್‌ಗೆ ಯಾವ ಅಂಟೂ ಹಿಡಿಯುವುದಿಲ್ಲ.

ಇಲ್ಲಿ ಪಾಲಿಯೆಸ್ಟರ್ ರೆಸಿನ್ ಬೇಡ, ಎಪಾಕ್ಸಿಯೇ ಆಗಬೇಕು. ಮಂಗಳೂರು, ಮಲ್ಪೆ ಕಡೆ ಫೈಬರ್ ದೋಣಿ ಕಟ್ಟುವವರ ಬಳಿ ಪಾಲಿಯೆಸ್ಟರ್ ಸುಲಭವಾಗಿ ಸಿಗುತ್ತದೆ. ಹೊಸ ದೋಣಿ ಎರಕ ಹೊಯ್ಯಲು ಅದು ಸರಿ, ಹಳೆಯ ಮೈಗೆ ಅದರ ಹಿಡಿತ ಸಾಲದು. ಬುಡದ ಸುತ್ತ ಮೊದಲು ಅಸಿಟೋನ್‌ನಲ್ಲಿ ಒರೆಸಿ, 60 ನಂಬರ್ ಮರಳು ಕಾಗದದಲ್ಲಿ ಹೊಳಪು ಪೂರ್ತಿ ಹೋಗುವಷ್ಟು ಉಜ್ಜಿ, ಮತ್ತೆ ಒರೆಸಿ. ಕೊಳವೆ ಅಲ್ಲಾಡುತ್ತಿದ್ದರೆ ಮಾಸ್ಟ್‌ಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಒಳಗೆ ನಿಲ್ಲಿಸಿ, ತುದಿಯಿಂದ ಹಿಂಭಾಗದ ಎರಡೂ ಮೂಲೆಗೆ ಅಳತೆ ಸಮ ಬರುವಂತೆ ಕಟ್ಟಿ. ಓರೆಯಾಗಿ ಅಂಟಿದರೆ ಆಮೇಲೆ ತಿದ್ದಲಾಗದು.

ಎಪಾಕ್ಸಿಗೆ ಫೈಬರ್ ಪುಡಿ ಮತ್ತು ಸಿಲಿಕಾ ಬೆರೆಸಿ ಉದ್ದಿನ ವಡೆ ಹಿಟ್ಟಿನ ಹದಕ್ಕೆ ತನ್ನಿ. ಬೆರಳಿಗೆ ಎತ್ತಿದರೆ ಜಾರಬಾರದು. ಬುಡದ ಸುತ್ತ ಹೆಬ್ಬೆರಳಿನಿಂದ ಒತ್ತಿ ಇಳಿಜಾರು ಮಾಡಿ, ಅದು ಇನ್ನೂ ಅಂಟಂಟಾಗಿರುವಾಗಲೇ ಮೂರು ಪದರ ಗ್ಲಾಸ್ ಟೇಪ್ ಹಾಕಿ. ಅರ್ಧ ಕೊಳವೆಯ ಮೇಲೆ ಬರಲಿ, ಅರ್ಧ ತಳದ ಮೇಲೆ. ಒಂದು ಸಲಕ್ಕೆ 100 ಗ್ರಾಂಗಿಂತ ಹೆಚ್ಚು ಕಲಸಬೇಡಿ. ಏಪ್ರಿಲ್ ಮಧ್ಯಾಹ್ನ ಲೋಟದಲ್ಲಿ ಕಲಸಿಟ್ಟ ಎಪಾಕ್ಸಿ ತನ್ನದೇ ಬಿಸಿಗೆ ಹೊಗೆಯಾಡುತ್ತದೆ. ಅಗಲವಾದ ತಟ್ಟೆಗೆ ಸುರಿದುಕೊಂಡರೆ ಸಮಯ ಸಿಗುತ್ತದೆ. ಕೈಗವಸು ತಪ್ಪದೆ ಹಾಕಿ, ಉಜ್ಜುವಾಗ ಮುಖವಾಡವೂ ಇರಲಿ. ಗಾಳಿಗೆ ಒಯ್ಯುವ ಮುಂಚೆ ಒಂದು ವಾರ ಬಿಡಿ.

ಉಳಿದ ಸೋರಿಕೆ ಹುಡುಕಲು ಸೋಪಿನ ನೀರು ಸಾಕು. ಕಾಕ್‌ಪಿಟ್ಟಿನ, ಅಂದರೆ ಡೆಕ್ ನಡುವಿನ ಕಾಲಿಡುವ ತಗ್ಗಿನ, ಮುಂಗೋಡೆಯಲ್ಲಿರುವ ಸಣ್ಣ ಗಾಳಿತೂತಿಗೆ ಟೇಪ್ ಹಚ್ಚಿ, ಬಂಗ್ ತೂತಿಗೆ ಪೈಪ್ ಇಟ್ಟು ಬಾಯಿಂದ ಊದಿ. ಕಂಪ್ರೆಸರ್ ಬೇಡವೇ ಬೇಡ, ಡೆಕ್ ಕೀಲು ಬಿಟ್ಟೀತು. ಡೆಕ್ ಕೂಡುವ ಅಂಚು, ಕಾಕ್‌ಪಿಟ್ ನೀರು ಹೊರಹಾಕುವ ಬೇಲರ್, ನೀರಿಗಿಳಿಸುವ ಡ್ಯಾಗರ್‌ಬೋರ್ಡ್ ಹಲಗೆಯ ಪೆಟ್ಟಿಗೆ, ಚುಕ್ಕಾಣಿ ಕೊಂಡಿಯ ತಿರುಪುಗಳು, ಇಲ್ಲೆಲ್ಲ ಗುಳ್ಳೆ ಏಳುತ್ತದೆಯೇ ನೋಡಿ. ಮುಗಿದ ಮೇಲೆ ಟೇಪ್ ಕೀಳಲು ಮರೆಯಬೇಡಿ. ಬಿಸಿಲಿಗೆ ಹಿಗ್ಗಿದ ಗಾಳಿ ಆ ತೂತಿನಿಂದಲೇ ಹೊರಬರಬೇಕು.

ಮಾಸ್ಟ್‌ನ ಮೇಲ್ತುಂಡು ಸಾಮಾನ್ಯವಾಗಿ ಮುರಿಯುವುದು ಕೆಳತುಂಡಿಗೆ ಸೇರುವಲ್ಲಿರುವ ಪ್ಲಾಸ್ಟಿಕ್ ಕಾಲರ್‌ನ ರಿವೆಟ್ ತೂತಿನಲ್ಲಿ. ಮಾಸ್ಟ್ ಹಿಂದಕ್ಕೆ ಬಾಗುವಾಗ ಮುಂಭಾಗ ಹಿಗ್ಗುತ್ತದೆ, ಹಿಂಭಾಗ ಕುಗ್ಗುತ್ತದೆ. ಬಿರುಕು ಬಾಯಿ ತೆರೆಯುವುದು ಹಿಗ್ಗುವ ಕಡೆ. ಆದ್ದರಿಂದ ರಿವೆಟ್ ಹಿಂದಕ್ಕೆ ಮುಖ ಮಾಡಿರುವಂತೆ ನಿಲ್ಲಿಸಿ. ತುಂಡು ಶಾಶ್ವತವಾಗಿ ಬಾಗಿದ್ದರೆ, ತೂತಿನ ಸುತ್ತ ಬಿಳಿ ಪುಡಿ ಕಂಡರೆ, ಬದಲಾಯಿಸಿ. ಬೂಮ್‌ನ, ಅಂದರೆ ಹಾಯಿಯ ಬುಡದ ಅಡ್ಡಗೋಲಿನ, ಸಡಿಲ ರಿವೆಟ್ ಕೊರೆದು ತೆಗೆದು 4.8 ಮಿಮೀ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಮೋನೆಲ್ ರಿವೆಟ್ ಹೊಡೆಯಿರಿ. ಎರಡು ಲೋಹದ ನಡುವೆ ಝಿಂಕ್ ಕ್ರೋಮೇಟ್ ಪೇಸ್ಟ್ ಇರಲಿ. ಕೆಆರ್‌ಎಸ್ ಹಿನ್ನೀರಿನಂಥ ಸಿಹಿನೀರಿನಲ್ಲಿ ತುಕ್ಕು ನಿಧಾನ, ಕಡಲಲ್ಲಿ ಒಂದೇ ಮಳೆಗಾಲಕ್ಕೆ ತಿನ್ನುತ್ತದೆ.

ಈಗ ಹಗ್ಗ. ಮೇನ್‌ಶೀಟ್‌ಗೆ, ಅಂದರೆ ಹಾಯಿಯನ್ನು ಎಳೆದು ಬಿಡುವ ಹಗ್ಗಕ್ಕೆ, 7 ಮಿಮೀ, ಹದಿಮೂರು ಹದಿನಾಲ್ಕು ಮೀಟರ್. ಟ್ರಾವೆಲರ್‌ಗೆ, ಅಂದರೆ ಮೇನ್‌ಶೀಟ್‌ನ ರಾಟೆ ಓಡಾಡುವ ಹಿಂಭಾಗದ ಅಡ್ಡ ಹಗ್ಗಕ್ಕೆ, ಹಿಗ್ಗದ 5 ಅಥವಾ 6 ಮಿಮೀ ಡೈನೀಮಾ ಹಗ್ಗ, ಮೂರೂವರೆ ಮೀಟರ್. ಇದು ಟಿಲ್ಲರ್, ಅಂದರೆ ಚುಕ್ಕಾಣಿಯ ಹಿಡಿಕೋಲಿನ, ಮೇಲೆ ತಂತಿಯಂತೆ ಬಿಗಿಯಾಗಿ ನಿಲ್ಲಬೇಕು, ಸಡಿಲಾದರೆ ರಾಟೆ ಗಾಳಿ ಬೀಸಿಹೋಗುವ ಪಕ್ಕಕ್ಕೆ ಸರಿದುಹೋಗುವ ಬದಲು ನಡುವಿಗೆ ಏರುತ್ತದೆ. ಹಾಯಿಯ ಆಕಾರ ತಿದ್ದುವ ವ್ಯಾಂಗ್, ಕನಿಂಗ್‌ಹ್ಯಾಮ್, ಔಟ್‌ಹಾಲ್ ಹಗ್ಗಗಳಿಗೆ 5ರಿಂದ 6 ಮಿಮೀ. ಕ್ಲ್ಯೂ, ಅಂದರೆ ಹಾಯಿಯ ಹಿಂದಿನ ಕೆಳಮೂಲೆಯನ್ನು, ಬೂಮ್‌ಗೆ ಕಟ್ಟುವ ತುಂಡು ಹಗ್ಗ ಸವೆದಿದ್ದರೆ ಇವತ್ತೇ ಎಸೆಯಿರಿ. ಮಾಸ್ಟನ್ನು ಡೆಕ್ಕಿಗೆ ಬಿಗಿಯುವ ಸಣ್ಣ ದಾರವನ್ನು ಮಾತ್ರ ಯಾವತ್ತೂ ಬಿಡಬೇಡಿ. ದೋಣಿ ಮಗುಚಿ ತಲೆಕೆಳಗಾದಾಗ ಅರ್ಧ ಜಾರಿದ ಮಾಸ್ಟ್ ಕುಳಿಯ ಬಾಯನ್ನೇ ಒಡೆಯುತ್ತದೆ, ಅಷ್ಟು ಹೊತ್ತು ಮಾಡಿದ ಕೆಲಸವೆಲ್ಲ ನೀರುಪಾಲು.

ಚುಕ್ಕಾಣಿಯನ್ನು ಪೂರ್ತಿ ಕೆಳಗೆಳೆದು ಕಟ್ಟಿ. ಎರಡು ಬೆರಳು ಮೇಲಿದ್ದರೂ ಟಿಲ್ಲರ್ ಕೈ ನೋಯುವಷ್ಟು ಭಾರವಾಗುತ್ತದೆ.

ಮೊದಲ ದಿನ ಒಂದು ಗಂಟೆ ಸಾಕು. ದಡಕ್ಕೆ ಬಂದ ತಕ್ಷಣ ಬಂಗ್ ತೆಗೆದು ನೀರನ್ನು ಲೋಟದಲ್ಲಿ ಹಿಡಿಯಿರಿ. ಅರ್ಧ ಲೋಟವಾದರೆ ಚಿಂತೆಯಿಲ್ಲ, ಲೀಟರ್ ದಾಟಿದರೆ ಮತ್ತೆ ಸೋಪಿನ ನೀರು. ದೋಣಿ ಎತ್ತಿಟ್ಟಾಗ ಬಂಗ್ ತೆರೆದೇ ಇರಲಿ. ತೂತಿಗೆ ಒಂದು ಚೂರು ಸೊಳ್ಳೆ ಪರದೆ ಕಟ್ಟಿ, ಇಲ್ಲವಾದರೆ ಎರಡೇ ವಾರದಲ್ಲಿ ಕುಂಬಾರ ಹುಳು ಮಣ್ಣು ಮೆತ್ತಿ ಗೂಡು ಕಟ್ಟಿಬಿಡುತ್ತದೆ.