ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಮಿಂಟ್ ಹಾಕುವಾಗ

ಲಿನಕ್ಸ್ ಮಿಂಟ್ ಒಂದು ಉಚಿತ ಆಪರೇಟಿಂಗ್ ಸಿಸ್ಟಂ. ಮಿಂಟ್ 22ರ ಐಎಸ್‌ಒ (ಇನ್‌ಸ್ಟಾಲ್ ಮಾಡಲು ಬೇಕಾದ ಫೈಲು) ಸುಮಾರು 3 ಜಿಬಿ, 8 ಜಿಬಿ ಪೆನ್‌ಡ್ರೈವ್ ಧಾರಾಳ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲೇ ಬೇರೆಡೆ ಕಾಪಿ ಮಾಡಿಕೊಳ್ಳಿ. ಡೌನ್‌ಲೋಡ್ ಆದ ಫೈಲಿನ ಎಸ್‌ಎಚ್‌ಎ256 (ಫೈಲು ಸರಿಯಾಗಿ ಬಂದಿದೆಯೇ ಎಂದು ತಿಳಿಸುವ ಸಂಕೇತ) ಮಿಂಟ್ ಸೈಟಿನಲ್ಲಿರುವುದರ ಜೊತೆ ತಾಳೆ ನೋಡಿ, ಆಮೇಲೆ ರುಫಸ್ ಅಥವಾ ಎಚರ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಫೈಲನ್ನು ಸುಮ್ಮನೆ ಕಾಪಿ-ಪೇಸ್ಟ್ ಮಾಡಿದರೆ ಬೂಟ್ ಆಗದು.

ನಿಜವಾದ ಕೆಲಸವಿರುವುದು ವಿಂಡೋಸ್ ಒಳಗೆ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಬಯಾಸ್ (ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗ್ ಬದಲಾದರೆ ವಿಂಡೋಸ್ ಅದನ್ನೇ ಕೇಳಬಹುದು. ಫಾಸ್ಟ್ ಸ್ಟಾರ್ಟಪ್ (ವಿಂಡೋಸ್ ಪೂರ್ತಿ ಶಟ್‌ಡೌನ್ ಆಗದೆ ಬೇಗ ತೆರೆಯುವ ಸೌಲಭ್ಯ) ಆಫ್ ಮಾಡಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಕುಗ್ಗಿಸಿ ಕನಿಷ್ಠ 20 ಜಿಬಿ, ಸಾಧ್ಯವಾದರೆ 100 ಜಿಬಿ ಮಿಂಟ್‌ಗೆ ಖಾಲಿ ಬಿಡಿ.

ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ: ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿಯೇ ಕಾಣುವುದಿಲ್ಲ. ಸಾಮಾನ್ಯವಾಗಿ ಕಾರಣ ಬಯಾಸ್‌ನಲ್ಲಿರುವ ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ ಇಂಟೆಲ್‌ನ ಡಿಸ್ಕ್ ಸೆಟ್ಟಿಂಗ್. ಅದನ್ನು ನೇರವಾಗಿ ಎಎಚ್‌ಸಿಐಗೆ (ಡಿಸ್ಕಿನ ಸಾಮಾನ್ಯ ಮೋಡ್) ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲಬಹುದು. ಅದಕ್ಕೇ ಮೊದಲು ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಟೂಲ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಆಗುವಾಗ ಬಯಾಸ್‌ಗೆ ಹೋಗಿ ಬದಲಿಸಿ, ವಿಂಡೋಸ್ ಸೇಫ್ ಮೋಡ್‌ನಲ್ಲಿ ಒಮ್ಮೆ ತೆರೆದ ಮೇಲೆ ಟಿಕ್ ತೆಗೆಯಿರಿ.

ಪೆನ್‌ಡ್ರೈವ್ ಆರಿಸುವ ಬೂಟ್ ಮೆನುಗೆ ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪೆನ್‌ಡ್ರೈವ್‌ನಿಂದಲೇ ತೆರೆಯುವ ಲೈವ್ ಡೆಸ್ಕ್‌ಟಾಪ್‌ನಲ್ಲೇ ವೈಫೈ, ಸೌಂಡ್, ಟಚ್‌ಪ್ಯಾಡ್ ಪರೀಕ್ಷಿಸಿ ಮುಂದುವರಿಯಿರಿ. ಪಾರ್ಟಿಷನ್ (ಡಿಸ್ಕಿನ ಭಾಗ) ಕೈಯಾರೆ ಮಾಡುವುದಾದರೆ ಈಗಿರುವ ಇಎಫ್‌ಐ ಪಾರ್ಟಿಷನ್ನನ್ನು ಬಳಸಿ, ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ: ವಿಂಡೋಸ್ ಶುರುಮಾಡುವ ಬೂಟ್‌ಲೋಡರ್ ಇರುವುದು ಅಲ್ಲೇ.

ಕನ್ನಡ ಟೈಪಿಂಗ್‌ಗೆ ಬೇರೇನೂ ಹಾಕಬೇಕಿಲ್ಲ. ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿ ಕಗಪ ಎಂಬ ಕನ್ನಡ ಲೇಔಟ್ ಇದೆ, ಸೇರಿಸಿಕೊಂಡರಾಯಿತು.