ಹೋಗುವ ದೂರ ಬೇರೆ, ಹೊಡೆಯುವ ದೂರ ಬೇರೆ

ಕ್ರಾಸ್‌ಬೋ, ಅಂದರೆ ಬಂದೂಕಿನಂತೆ ಹಿಡಿದು ಟ್ರಿಗರ್ ಒತ್ತಿ ಬಾಣ ಬಿಡುವ ಬಿಲ್ಲು, ಕೈಯಲ್ಲಿ ಕಂಡವರೆಲ್ಲ ಮೊದಲು ಕೇಳುವುದು ಒಂದೇ ಮಾತು. ಇದು ಎಷ್ಟು ದೂರ ಹೋಗುತ್ತೆ? ಈ ಸಲ ಕೇಳಿದವರು ನಮ್ಮ ಕಾಕಾ.

ಮುಧೋಳ ತಾಲೂಕಿನಲ್ಲಿ ಅವರ ಹೊಲ. ಒಂದು ಕಡೆ ಕಬ್ಬು, ಇನ್ನೊಂದು ಕಡೆ ಗೋವಿನಜೋಳ. ಜೋಳದ ರಾಶಿ ಮುಗಿದು ಆ ಭಾಗ ಬಯಲಾಗಿತ್ತು. ತುದಿಯಲ್ಲಿ ಆಳೆತ್ತರ ಮೀರಿದ ಮಣ್ಣಿನ ಒಡ್ಡು ಇದೆ. ಗುರಿ ಅಭ್ಯಾಸಕ್ಕೆ ನಾನು ಅಲ್ಲಿಗೆ ಹೋಗುವುದೇ ಆ ಒಡ್ಡಿಗಾಗಿ. ಗುರಿ ತಪ್ಪಿದ ಬಾಣ ಅಲ್ಲೇ ನಿಲ್ಲಬೇಕು. ಮೇಲಕ್ಕೆತ್ತಿ ಬಿಟ್ಟರೆ ಕ್ರಾಸ್‌ಬೋ ಬಾಣ ನೂರಾರು ಮೀಟರ್ ಹೋಗಿ ಬೀಳುತ್ತದೆ. ಅಷ್ಟು ದೂರದಲ್ಲಿ ಯಾರು ದನ ಮೇಯಿಸುತ್ತಿರುತ್ತಾರೋ ಯಾರಿಗೆ ಗೊತ್ತು?

ಒಡ್ಡಿನ ಮುಂದೆ ಒತ್ತಾಗಿ ಕಟ್ಟಿದ ಹುಲ್ಲಿನ ಹೊರೆ ಇಟ್ಟು, ಅದಕ್ಕೆ ಊಟದ ತಾಟಿನಷ್ಟು ಅಗಲದ ಕಾಗದ ಅಂಟಿಸಿದೆ. ಟೇಪು ಹಿಡಿದು 20, 30, 40, 50 ಮೀಟರ್‌ಗಳಿಗೆ ಗೂಟ ನೆಟ್ಟೆ. ಕಾಕಾ ಬದುವಿನ ಮೇಲೆ ಕೂತು ಎಲ್ಲ ನೋಡುತ್ತಿದ್ದರು.

"ತಮ್ಮಾ, ಇದರಾಗ ಹಂದಿ ಹೊಡಿಯಾಕ ಬರ್ತೈತೇನು? ರಾತ್ರಿ ಬಂದು ಕಬ್ಬೆಲ್ಲಾ ಹಾಳ ಮಾಡ್ತಾವ."

ಅವರ ಸಂಕಟ ನನಗೆ ಗೊತ್ತು. ವರ್ಷವಿಡೀ ನೀರು ಹಾಯಿಸಿ ಬೆಳೆಸಿದ ಕಬ್ಬು ಬೆಳಗಾಗುವುದರೊಳಗೆ ಮಲಗಿದ್ದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೂ ಆಗೋದಿಲ್ಲ ಅಂದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಕಾಡುಹಂದಿಗೂ ಇದೆ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ಯಡಹಳ್ಳಿ ಚಿಂಕಾರ ವನ್ಯಧಾಮ ಇದೆ. ಕತ್ತಲಲ್ಲಿ ಕಬ್ಬಿನ ಸಂದಿಯಲ್ಲಿ ಅಲುಗಾಡಿದ್ದು ಹಂದಿಯೋ, ಇನ್ನೊಂದು ಪ್ರಾಣಿಯೋ, ನೀರು ಕಟ್ಟಲು ಬಂದ ಮನುಷ್ಯನೋ?

ಕಾಕಾ ಅಷ್ಟಕ್ಕೇ ಬಿಡಲಿಲ್ಲ. "ಕಾಯ್ದೆ ಇರ್ಲಿ. ಬರ್ತೈತೋ ಇಲ್ಲೋ ಅದನ್ನ ಹೇಳು." ನಮ್ಮದು ಹಲಗಲಿ ಸೀಮೆ. ಆಯುಧ ಒಪ್ಪಿಸುವುದಿಲ್ಲ ಅಂತ 1857ರಲ್ಲಿ ಬೇಡರು ಬ್ರಿಟಿಷರಿಗೆ ಎದುರು ನಿಂತ ನೆಲ. ಆಯುಧದ ಮಾತು ಬಂದರೆ ಇಲ್ಲಿನವರು ಪೂರ್ತಿ ತಿಳಿದುಕೊಳ್ಳದೆ ಏಳುವುದಿಲ್ಲ. ಹಾಗಾಗಿ ಹೊಡೆದೇ ತೋರಿಸಿದೆ.

20 ಮೀಟರ್‌ನಲ್ಲಿ ಬಾಣಗಳು ಒಂದಕ್ಕೊಂದು ತಾಗಿ ನಿಂತವು. 30ರಲ್ಲಿ ಸ್ವಲ್ಪ ಚದುರಿದರೂ ಎಲ್ಲವೂ ಕಾಗದದೊಳಗೇ ಇದ್ದವು. 40ಕ್ಕೆ ಹೋದಾಗ ಕೆಲವು ಅಂಚು ದಾಟಿದವು. 50ಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನದ ಗಾಳಿ ಎದ್ದಿತ್ತು, ಬಾಣಗಳು ಪಕ್ಕಕ್ಕೆ ಸರಿದು ಹುಲ್ಲಿಗೆ ಚುಚ್ಚಿಕೊಂಡವು. ಬಿಲ್ಲು ಅದೇ, ಬಾಣ ಅದೇ, ಕೈಯೂ ಅದೇ.

ಕಾಕಾಗೆ ಆಶ್ಚರ್ಯವಾಗಿದ್ದು ಬಾಣ ಎಷ್ಟು ಇಳಿಯುತ್ತದೆ ಅನ್ನುವುದು ತಿಳಿದಾಗ. ಬಾಣ ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟಿತು ಅಂತ ಇಟ್ಟುಕೊಳ್ಳಿ. ಈಗಿನ ಎಷ್ಟೋ ಕ್ರಾಸ್‌ಬೋಗಳ ವೇಗ ಹೆಚ್ಚುಕಡಿಮೆ ಇಷ್ಟಿರುತ್ತದೆ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೂ, ನೆಟ್ಟಗೆ ಬಿಟ್ಟ ಬಾಣ 20 ಮೀಟರ್ ಮುಟ್ಟುವಾಗ 20 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. 40 ಮೀಟರ್‌ಗೆ ಸುಮಾರು 78. ದೂರ ಎರಡು ಪಟ್ಟಾದರೆ ಇಳಿತ ನಾಲ್ಕು ಪಟ್ಟು. 60 ಮೀಟರ್‌ಗೆ ಒಂದೂಮುಕ್ಕಾಲು ಮೀಟರ್, ಅಂದರೆ ಒಬ್ಬ ಮನುಷ್ಯನ ಎತ್ತರ!

ಗುರಿ ನೋಡಲು ಬಿಲ್ಲಿನ ಮೇಲೆ ಕೂರಿಸುವ ದುರ್ಬೀನಿನಲ್ಲಿ, ಅಂದರೆ ಸ್ಕೋಪಿನಲ್ಲಿ, ಒಂದೊಂದು ದೂರಕ್ಕೆ ಒಂದೊಂದು ಗೆರೆ ಇರುತ್ತದಲ್ಲ ಅನ್ನಬಹುದು. ಇರುತ್ತದೆ, ಆದರೆ ದೂರ ಎಷ್ಟು ಅಂತ ಸರಿಯಾಗಿ ಗೊತ್ತಿದ್ದರೆ ಮಾತ್ರ ಆ ಗೆರೆಗೆ ಬೆಲೆ. ಗುರಿ 20 ಮೀಟರ್‌ನಲ್ಲಿದೆ ಅಂದುಕೊಂಡು ಹೊಡೆದಿರಿ, ನಿಜಕ್ಕೂ 25ರಲ್ಲಿತ್ತು. ಬಾಣ ಸುಮಾರು 6 ಸೆಂಟಿಮೀಟರ್ ಕೆಳಗೆ ಬೀಳುತ್ತದೆ, ನಡೆಯುತ್ತದೆ. 50 ಅಂದುಕೊಂಡದ್ದು 55 ಆಗಿದ್ದರೆ 13 ಸೆಂಟಿಮೀಟರ್ ಕೆಳಗೆ. ತಪ್ಪಿದ ಅಂದಾಜು ಅದೇ ಐದು ಮೀಟರ್, ನಷ್ಟ ಮಾತ್ರ ಎರಡು ಪಟ್ಟಿಗೂ ಜಾಸ್ತಿ. ಗೂಟ ಕಿತ್ತು ಬರೀ ಬಯಲು ತೋರಿಸಿದರೆ ಐದು ಮೀಟರ್ ಏಮಾರದೆ ದೂರ ಹೇಳುವವರು ಎಷ್ಟು ಜನ ಸಿಗುತ್ತಾರೆ?

ಬೇಟೆಗೆ ಅನುಮತಿ ಇರುವ ಕಡೆ, ಅಮೆರಿಕದಂಥ ದೇಶದಲ್ಲಿ, ಅನುಭವಸ್ಥರು ಕ್ರಾಸ್‌ಬೋಗೆ ಹೇಳುವ ಮಿತಿ ಸಾಮಾನ್ಯವಾಗಿ 30ರಿಂದ 40 ಗಜ. ಒಂದು ಗಜ ಅಂದರೆ ಮೀಟರ್‌ಗಿಂತ ತುಸು ಕಮ್ಮಿ. ಬಾಣಕ್ಕೆ ಬಲ ಸಾಲದೆ ಇಟ್ಟ ಮಿತಿ ಅಲ್ಲ ಇದು. ಜಿಂಕೆಯ ಎದೆಯಲ್ಲಿ ಬಾಣ ತಾಗಬೇಕಾದ ಜಾಗ ಸುಮಾರು 20 ಸೆಂಟಿಮೀಟರ್ ಅಗಲ. ಜೊತೆಗೆ ಶಬ್ದದ್ದೊಂದು ಕಾಟ. ಹೆದೆಯ ಸದ್ದು ಸೆಕೆಂಡಿಗೆ 340 ಮೀಟರ್ ಓಡುತ್ತದೆ, ಬಾಣ 100. 40 ಮೀಟರ್ ಆಚೆ ನಿಂತ ಜಿಂಕೆಗೆ ಸದ್ದು ಮೊದಲು ಮುಟ್ಟುತ್ತದೆ, ಬಾಣ ಮುಟ್ಟಲು ಇನ್ನೂ ಕಾಲು ಸೆಕೆಂಡಿಗೂ ಹೆಚ್ಚು ಬೇಕು. ಬೆಚ್ಚಿದ ಜಿಂಕೆ ಜಿಗಿಯುವುದಕ್ಕೆ ಮೊದಲು ಕಾಲು ಮಡಚಿ ಮೈ ತಗ್ಗಿಸುತ್ತದೆ. ಎದೆಗೆ ಇಟ್ಟ ಬಾಣ ಬೆನ್ನಿಗೆ ತಾಗುತ್ತದೆ. ಗಾಯಗೊಂಡ ಪ್ರಾಣಿ ಓಡಿ ಹೋಗಿ, ಯಾವುದೋ ಪೊದೆಯಲ್ಲಿ ದಿನಗಟ್ಟಲೆ ನರಳಿ ಸಾಯುತ್ತದೆ. ನನಗೆ ಇದನ್ನು ನೆನೆಸಿಕೊಳ್ಳಲೂ ಆಗುವುದಿಲ್ಲ. ಕಾಯ್ದೆ ಇಲ್ಲದಿದ್ದರೂ ನಾನು ಪ್ರಾಣಿಯ ಕಡೆ ಬಿಲ್ಲು ಎತ್ತುವವನಲ್ಲ.

"ಹಂಗಾರ ಹಂದಿಗೆ ಏನ್ ಮಾಡೂಣು?" ಅಂದರು ಕಾಕಾ. ಬೆಳೆ ಹಾಳಾದ ಫೋಟೋ, ಪಹಣಿ ಹಿಡಿದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕೋಣ ಅಂದೆ. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು.

ಅಷ್ಟರಲ್ಲಿ ಅವರ ಮಗ ನಾನೂ ಹೊಡೀತೀನಿ ಅಂತ ಬಂದ, ನೇರ 50ರ ಗೂಟದ ಹತ್ತಿರ ಹೋಗಿ ನಿಂತ. ಅವನನ್ನು 15 ಮೀಟರ್‌ಗೆ ಕರೆತಂದೆ. ಮೊದಲು ಬಾಣ ಇಲ್ಲದೆ ಯಾವತ್ತೂ ಬಿಡಬಾರದು ಅಂತ ಹೇಳಿದೆ. ಖಾಲಿ ಬಿಟ್ಟರೆ ಅಷ್ಟೂ ಬಲ ಬಿಲ್ಲಿನ ಮೇಲೇ ತಿರುಗಿ, ಅದು ಸಿಡಿದು ಮುರಿಯಬಹುದು. ಹೆಬ್ಬೆರಳು ಹೆದೆ ಓಡುವ ದಾರಿಗಿಂತ ಕೆಳಗೇ ಇರಬೇಕು. ಹೆದೆ ಎಳೆಯುವಾಗ ಎರಡೂ ಕಡೆ ಸಮ ಬರಲಿ ಅಂತ ಎಳೆಯುವ ಹಗ್ಗ ಕೊಟ್ಟೆ. ಒಂದು ಕಡೆ ಜಾಸ್ತಿ ಬಂದರೆ ಬಾಣ ಪಕ್ಕಕ್ಕೆ ಹೋಗುತ್ತದೆ. ಹೊಡೆದದ್ದೆಲ್ಲ ಕಾಗದದೊಳಗೆ ಬಿದ್ದರಷ್ಟೇ ಐದು ಮೀಟರ್ ಹಿಂದಕ್ಕೆ, ಒಂದು ಹೊರಗೆ ಹೋದರೂ ಮತ್ತೆ ಮುಂದಕ್ಕೆ ಅಂತ ನಮ್ಮಿಬ್ಬರ ಕರಾರು. ಹುಡುಗ ಸಂಜೆವರೆಗೆ ಹೊಡೆದ. ಸದ್ಯ ಅವನ ದೂರ 20 ಮೀಟರ್.