ನಾಳೆ ಮರ ಹತ್ತಲಿಕ್ಕಿದೆಯಾ?

ಶಿರಸಿಯ ಒಂದು ಮೆಡಿಕಲ್ ಶಾಪಿನಲ್ಲಿ ನಾನು ಫಾರ್ಮಸಿಸ್ಟ್. ಅಡಿಕೆ ಕೊಯ್ಲು ಶುರುವಾದರೆ ನಮ್ಮ ಕೌಂಟರಿನಲ್ಲೇ ಗೊತ್ತಾಗುತ್ತದೆ. ಮರ ಹತ್ತಿ ಕೊನೆ (ಅಡಿಕೆ ಗೊಂಚಲು) ಕೊಯ್ಯುವವರು, ಮೂಟೆ ಹೊರುವವರು, ಇಡೀ ದಿನ ಕುಳಿತು ಅಡಿಕೆ ಸುಲಿಯುವ ಹೆಂಗಸರು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಸೊಂಟ ಹಿಡಿದಿದೆ, ಭುಜ ಹಿಡಿದಿದೆ, ಕುತ್ತಿಗೆ ತಿರುಗುತ್ತಿಲ್ಲ. ಅರ್ಧ ಜನ ಕೇಳುವುದು ಒಂದೇ: "ಆ ಎಂಆರ್ ಗುಳಿಗೆ ಒಂದು ಹಾಳೆ ಕೊಡಿ." ಬಿಗಿದ ಸ್ನಾಯು ಸಡಿಲಿಸುವ ನೋವಿನ ಮಾತ್ರೆ ಅದು.

ಕೆಲಸಕ್ಕೆ ಸೇರಿದ ಮೂರನೇ ವರ್ಷ ನಡೆದದ್ದನ್ನು ಹೇಳುತ್ತೇನೆ. ಆಗ ಬೇರೆ ಅಂಗಡಿಯಲ್ಲಿದ್ದೆ. ಡಿಸೆಂಬರ್ ತಿಂಗಳು, ಸಂಜೆ ಜನ ಜಾಸ್ತಿ. ಪರಿಚಯದ ಕೊನೆಗೌಡರೊಬ್ಬರು, ಅಂದರೆ ಮರ ಹತ್ತಿ ಕೊನೆ ಕೊಯ್ಯುವವರು, ಬಂದರು. ಮಳೆಗಾಲದಲ್ಲಿ ಸೊಂಟ ನೋವಿಗೆ ಡಾಕ್ಟರು ಬರೆದುಕೊಟ್ಟಿದ್ದ ಚೀಟಿ ಅವರ ಕಿಸೆಯಲ್ಲೇ ಇತ್ತು. ಮಡಿಕೆ ಮಡಿಕೆಯಾಗಿ ಹರಿಯುವಂತಾಗಿತ್ತು. "ತಂಗೀ, ಮತ್ತೆ ಹಿಡ್ಕಂಡದೆ. ಅದೇ ಗುಳಿಗೆ ಕೊಡು" ಎಂದರು. ಸ್ನಾಯು ಸಡಿಲಿಸುವ ಟೈಜಾನಿಡಿನ್ 2 ಮಿಲಿಗ್ರಾಂ, ರಾತ್ರಿ ಒಂದು, 5 ದಿನ ಎಂದಿತ್ತು. ನಾನು ಹತ್ತು ಮಾತ್ರೆಯ ಹಾಳೆ ಕೊಟ್ಟು ದುಡ್ಡು ತಗೊಂಡೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ರಾತ್ರಿ ನುಂಗಿದಾಗ ನೋವು ಸ್ವಲ್ಪ ಇಳಿಯಿತಂತೆ. ಕೆಲಸಕ್ಕೆ ಹೋಗುವಾಗಲೂ ಒಂದು ಇರಲಿ ಅಂತ ಬೆಳಿಗ್ಗೆ 7 ಗಂಟೆಗೆ ಇನ್ನೊಂದು ನುಂಗಿದ್ದಾರೆ. ಎಂಟೂವರೆಗೆ ಕಾಲಿಗೆ ತಳೆ (ಮರ ಹತ್ತುವಾಗ ಹಾಕುವ ಕುಣಿಕೆ) ಹಾಕಿ ಮೊದಲ ಮರ ಹತ್ತಿದ್ದಾರೆ. ಎರಡಾಳೆತ್ತರ ಹೋಗುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿದೆ. ಹಳೇ ಕೈ, ಮರವನ್ನು ಬಿಡಲಿಲ್ಲ. ಅಪ್ಪಿಕೊಂಡೇ ಕೆಳಗೆ ಜಾರಿದರು. ಎದೆ ಮತ್ತು ಒಳತೋಳಿನ ಚರ್ಮ ಪೂರ್ತಿ ಕಿತ್ತುಹೋಗಿತ್ತು. ತೋಟದ ಒಡೆಯರು ಆಸ್ಪತ್ರೆಗೆ ಕರೆದೊಯ್ದಾಗ ಬಿಪಿ ತುಂಬಾ ಇಳಿದಿತ್ತಂತೆ. ಕೊನೆಗೌಡರು ತುದಿಗೆ ಹೋದ ಮೇಲೆ ಕೆಳಗಿಳಿಯದೆ ಮರದಿಂದ ಮರಕ್ಕೆ ಜೀಕಿ ದಾಟುತ್ತಾರೆ. ಅದೇ ಕಣ್ಣು ಕತ್ತಲು 40 ಅಡಿ ಮೇಲೆ ಬಂದಿದ್ದರೆ? ಈಗಲೂ ಬರೆಯುವಾಗ ಕೈ ತಣ್ಣಗಾಗುತ್ತದೆ.

ಮರುದಿನ ಅವರ ಮಗ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಚೀಲದಲ್ಲಿ ತಂದು ಕೌಂಟರಿನ ಮೇಲೆ ಸುರಿದ. ಅದರಲ್ಲಿ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಹಾಳೆಯೂ ಇತ್ತು. ಉರಿಮೂತ್ರಕ್ಕೆಂದು ಬೇರೆ ಡಾಕ್ಟರು ಎರಡು ದಿನ ಮೊದಲು ಬರೆದದ್ದು. ಅದನ್ನು ಕೊಟ್ಟದ್ದೂ ನಮ್ಮದೇ ಅಂಗಡಿಯಿಂದ. ನನಗೆ ಅಲ್ಲೇ ಹೊಟ್ಟೆ ತೊಳೆಸಿದಂತಾಯಿತು. ಇವೆರಡನ್ನು ಒಟ್ಟಿಗೆ ಕೊಡಲೇಬಾರದು ಎಂದು ನಾನು ಓದಿದ್ದೆ. ಟೈಜಾನಿಡಿನನ್ನು ಕರಗಿಸಿ ಹೊರಹಾಕುವುದು ಲಿವರಿನ ಒಂದು ಕಿಣ್ವ. ಸಿಪ್ರೊಫ್ಲಾಕ್ಸಾಸಿನ್ ಆ ಕಿಣ್ವದ ಕೈ ಕಟ್ಟುತ್ತದೆ. ಆಗ ದೇಹಕ್ಕೆ ಸಿಗುವ ಟೈಜಾನಿಡಿನ್ ಸುಮಾರು 10 ಪಟ್ಟು ಹೆಚ್ಚುತ್ತದೆ. ಅವರು ನುಂಗಿದ್ದು ಸಣ್ಣ ಮಾತ್ರೆ, ಒಳಗೆ ಆದದ್ದು ದೊಡ್ಡ ಡೋಸು. ಸಾಲದ್ದಕ್ಕೆ, ನುಂಗಿ ಒಂದೆರಡು ಗಂಟೆಯಲ್ಲೇ ಈ ಮಾತ್ರೆಯ ಜೋರು ಹೆಚ್ಚು. ಸರಿಯಾಗಿ ಆ ಹೊತ್ತಿಗೇ ಅವರು ಮರದ ಮೇಲಿದ್ದರು.

ಕಾನೂನಿನಲ್ಲೂ ತಪ್ಪು ನನ್ನದೇ. 1945ರ ಔಷಧ ನಿಯಮಗಳ ಪ್ರಕಾರ ಇಂಥ ಚೀಟಿಗೆ ಒಂದು ಸಲ ಮಾತ್ರ ಮಾತ್ರೆ ಕೊಡಬೇಕು. ಮತ್ತೆ ಕೊಡಬಹುದು ಎಂದು ಡಾಕ್ಟರೇ ಬರೆದಿದ್ದರೆ ಮಾತು ಬೇರೆ. ಮಾತ್ರೆ ಹಾಳೆಯ ಎಡಬದಿಗೆ ಉದ್ದಕ್ಕೆ ಕೆಂಪು ಗೆರೆ ಇರುವುದು ಸುಮ್ನೆ ಚಂದಕ್ಕಲ್ಲ, ಡಾಕ್ಟರ ಚೀಟಿ ಬೇಕು ಎಂಬ ಗುರುತು ಅದು. ಹಳೇ ಚೀಟಿಯನ್ನು ರೇಷನ್ ಕಾರ್ಡಿನ ಹಾಗೆ ಜೋಪಾನ ಮಾಡುವವರು ನಮ್ಮಲ್ಲಿ ತುಂಬಾ ಜನ. ಅವರನ್ನು ದೂರುವುದಿಲ್ಲ. ಡಾಕ್ಟರ ಹತ್ತಿರ ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಆದರೂ ಕೌಂಟರಿನ ಈಚೆ ನಿಂತವಳು ನಾನು. ಹೇಳಬೇಕಾದವಳು ನಾನೇ ಅಲ್ವಾ?

ಆಮೇಲೆ ನಾನು ಕೇಳುವ ಮೊದಲ ಪ್ರಶ್ನೆಯೇ ಬದಲಾಯಿತು. ಮೊದಲು "ಎಲ್ಲಿ ನೋವು?" ಎನ್ನುತ್ತಿದ್ದೆ. ಈಗ "ನಾಳೆ ಏನು ಕೆಲಸ?" ಎನ್ನುತ್ತೇನೆ. ಮರ ಹತ್ತಲಿಕ್ಕಿದೆಯಾ, ದೇವಿಮನೆ ಘಟ್ಟದಲ್ಲಿ ಬಸ್ಸೋ ಲಾರಿಯೋ ಓಡಿಸಲಿಕ್ಕಿದೆಯಾ, ಕಾರವಾರದ ಕಡೆಯವರಾದರೆ ಬೋಟಿಗೆ ಹೋಗಲಿಕ್ಕಿದೆಯಾ. ಯಾಕೆಂದರೆ ಬಹಳ ಜನ ಈ ಮಾತ್ರೆ ನೋವಿದ್ದ ಜಾಗಕ್ಕೇ ಹೋಗಿ ಅಲ್ಲಿನ ಗಂಟು ಬಿಡಿಸುತ್ತದೆ ಎಂದುಕೊಂಡಿದ್ದಾರೆ. ಟೈಜಾನಿಡಿನ್, ಕ್ಲೋರ್‌ಜಾಕ್ಸಜೋನ್‌ನಂಥ ಸ್ನಾಯು ಸಡಿಲಿಸುವ ಔಷಧಗಳು ಕೆಲಸ ಮಾಡುವುದು ಮಿದುಳು ಮತ್ತು ಬೆನ್ನುಹುರಿಯ ಮಟ್ಟದಲ್ಲಿ. ಸ್ನಾಯುವನ್ನು ಬಿಗಿ ಹಿಡಿಯುವ ಸೂಚನೆಯನ್ನೇ ಅಲ್ಲಿ ತಗ್ಗಿಸುತ್ತವೆ. ಅದಕ್ಕೇ ಮಂಪರು, ತಲೆ ತಿರುಗುವುದು. ಟೈಜಾನಿಡಿನ್ ಆದರೆ ಬಾಯಿ ಒಣಗುತ್ತದೆ, ಬಿಪಿಯೂ ಇಳಿಯುತ್ತದೆ. ಮೊದಲೇ ಬಿಪಿ ಮಾತ್ರೆ ತಗೊಳ್ಳುವ ವಯಸ್ಸಾದವರು ರಾತ್ರಿ ಬಚ್ಚಲಿಗೆಂದು ಗಡಬಡಿಸಿ ಎದ್ದರೆ ಬೀಳುತ್ತಾರೆ. ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು ಏಳಿ ಎಂದು ಅವರಿಗೆ ಎರಡೆರಡು ಸಲ ಹೇಳುತ್ತೇನೆ.

ಕುಡಿಯುವ ವಿಷಯ ಕೇಳುವುದು ಕಷ್ಟ. ಪಕ್ಕದಲ್ಲಿ ಊರವರೇ ನಿಂತಿರುತ್ತಾರೆ. ಹಾಗಾಗಿ ಪ್ರಶ್ನೆ ಕೇಳದೆ, ಎಲ್ಲರಿಗೂ ಒಂದೇ ಮಾತು ಮೆಲ್ಲಗೆ ಹೇಳುತ್ತೇನೆ: ಈ ಮಾತ್ರೆ ಮುಗಿಯುವ ತನಕ ಹೆಂಡ, ಫೆನಿ, ಬಿಯರ್ ಯಾವುದೂ ಬೇಡ. ನಿದ್ದೆ ಮಾತ್ರೆಯಾಗಲಿ, ಮಂಪರು ತರುವ ಕೆಮ್ಮಿನ ಸಿರಪ್ಪು, ಅಲರ್ಜಿ ಮಾತ್ರೆಯಾಗಲಿ ಇದ್ದರೆ ಮೊದಲು ಡಾಕ್ಟರಿಗೆ ತಿಳಿಸಿ. ಮಂಪರಿನ ಮೇಲೆ ಮಂಪರು ಸೇರಿದರೆ ಉಸಿರಾಟವೂ ನಿಧಾನವಾಗಬಹುದು.

ಇನ್ನು ಆ "ಎಂಆರ್". ಬರೀ ಹೆಸರಿನಿಂದ ಏನೂ ತಿಳಿಯುವುದಿಲ್ಲ. ನೋವಿನ ಮಾತ್ರೆಯಲ್ಲಿ ಎಂಆರ್ ಎಂದರೆ ಸಾಮಾನ್ಯವಾಗಿ ಸ್ನಾಯು ಸಡಿಲಿಸುವ ಔಷಧ ಸೇರಿದೆ ಎಂದರ್ಥ. ಗ್ಲಿಕ್ಲಜೈಡ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಗೂ ಎಂಆರ್ ಅಂತ ಇರುತ್ತದೆ. ಅಲ್ಲಿ ಅದು ನಿಧಾನವಾಗಿ ಕರಗುವ ಮಾತ್ರೆ. ಹೆಸರು ಬಾಯಲ್ಲಿ ಹೇಳಿದರೆ ಸಾಲದು, ಹಾಳೆ ತನ್ನಿ ಎನ್ನುವುದು ಇದಕ್ಕೇ. ಹಾಳೆಯ ಹಿಂದೆ ಸಣ್ಣ ಅಕ್ಷರ ಓದಿದರೆ ಎಷ್ಟೋ ಸಲ ಮೂರು ಔಷಧ ಒಟ್ಟಿಗಿರುತ್ತವೆ: ನೋವು ತಗ್ಗಿಸುವ ಅಸೆಕ್ಲೊಫೆನಾಕ್ 100, ಪ್ಯಾರಾಸಿಟಮಾಲ್ 325, ಕ್ಲೋರ್‌ಜಾಕ್ಸಜೋನ್ 250 ಮಿಲಿಗ್ರಾಂ. ಇದರ ಜೊತೆಗೆ ಮೈಕೈ ನೋವೆಂದು ಬೇರೆ ಪ್ಯಾರಾಸಿಟಮಾಲ್ ನುಂಗಿದರೆ ಲಿವರಿಗೆ ಎರಡು ಕಡೆಯಿಂದ ಹೊರೆ. ಅಸೆಕ್ಲೊಫೆನಾಕ್ ಹೊಟ್ಟೆಗೂ ಕಿಡ್ನಿಗೂ ಕಷ್ಟ. ಖಾಲಿ ಹೊಟ್ಟೆಗೆ ಬರೀ ಚಹಾ ಕುಡಿದು ನುಂಗುವವರನ್ನು ನೋಡಿದರೆ ಜೀವ ಚುರ್ರೆನ್ನುತ್ತದೆ. ಕ್ಲೋರ್‌ಜಾಕ್ಸಜೋನ್‌ನಿಂದ ಕೆಲವರಿಗೆ ಮೂತ್ರದ ಬಣ್ಣ ಕಿತ್ತಳೆಗೆ ತಿರುಗುವುದುಂಟು. ಜೊತೆಗೆ ಕಣ್ಣು ಹಳದಿಯಾಗಿ, ಊಟ ಸೇರದೆ ಹೋದರೆ ಮಾತ್ರೆ ನಿಲ್ಲಿಸಿ ಆ ದಿನವೇ ಡಾಕ್ಟರನ್ನು ಕಾಣಬೇಕು.

ಸ್ನಾಯು ಸಡಿಲಿಸುವ ಇನ್ನೊಂದು ಔಷಧ ಥಿಯೋಕಾಲ್ಚಿಕೋಸೈಡ್ ಇರುವ ಮಾತ್ರೆಯೂ ನಮ್ಮಲ್ಲಿ ತುಂಬಾ ಹೋಗುತ್ತದೆ. ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಇದಕ್ಕೆ ಮಿತಿ ಹಾಕಲು ಹೇಳಿತು: ಬಾಯಿಂದ ತಗೊಳ್ಳುವುದಾದರೆ 7 ದಿನ ದಾಟಬಾರದು, ಗರ್ಭಿಣಿಯರಿಗೆ, ಹಾಲುಣಿಸುವವರಿಗೆ ಮತ್ತು 16 ವರ್ಷದೊಳಗಿನವರಿಗೆ ಬೇಡ. ಅಡಿಕೆ ಸುಲಿಯುವಲ್ಲಿ ಒಬ್ಬರ ಹಾಳೆ ನಾಲ್ವರ ಕೈ ದಾಟುತ್ತದೆ. ಆ ನಾಲ್ವರಲ್ಲಿ ಒಬ್ಬಳು ಬಸುರಿ ಇರಬಹುದು.

ತಿಂಗಳುಗಟ್ಟಲೆ ದೊಡ್ಡ ಡೋಸಿನ ಟೈಜಾನಿಡಿನ್ ತಗೊಳ್ಳುತ್ತಿರುವವರು ಮಾತ್ರ ಇದನ್ನು ಓದಿ ಹೆದರಿ ಒಮ್ಮೆಗೇ ನಿಲ್ಲಿಸಬೇಡಿ. ಬಿಪಿ ದಿಢೀರ್ ಏರುತ್ತದೆ. ಡಾಕ್ಟರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಹಾಗೇ ಸೊಂಟ ನೋವಿನ ಜೊತೆ ಕಾಲಿನ ಬಲ ಹೋದರೆ, ತೊಡೆಸಂದಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ, ಮೆಡಿಕಲ್ ಶಾಪಿಗೆ ಬರಲೇಬೇಡಿ. ನೇರ ಆಸ್ಪತ್ರೆಗೆ ಹೋಗಿ.

ಆ ಗೌಡರು ವಾಸಿಯಾದ ಮೇಲೆ ಅಂಗಡಿಗೆ ಬಂದರು. ನಾನು ಕ್ಷಮೆ ಕೇಳಿದೆ. "ನಾನೇ ಬೆಳಿಗ್ಗೆ ನುಂಗಿದ್ದಲ್ವಾ ತಂಗೀ" ಎಂದರು. ಕೊನೆ ಇಳಿಸುವಾಗ ಕೆಳಗೆ ಹಗ್ಗ ಹಿಡಿಯುವ ಕೆಲಸಕ್ಕೆ ಒಡೆಯರು ಅವರನ್ನು ಹದಿನೈದು ದಿನ ಹಾಕಿದ್ದರಂತೆ. ಹೊಸ ಚೀಟಿಯಲ್ಲಿ ಡಾಕ್ಟರು ಬರೀ ಪ್ಯಾರಾಸಿಟಮಾಲ್ ಬರೆದು, ಬಿಸಿನೀರಿನ ಶಾಖ ಕೊಡಿ, ಮಲಗಿಯೇ ಇರಬೇಡಿ, ಸ್ವಲ್ಪ ಓಡಾಡಿ ಎಂದಿದ್ದರು. ಹಳೇ ಚೀಟಿ ಎಲ್ಲಿ ಎಂದು ಕೇಳಿದೆ. ಕಿಸೆಯಿಂದ ತೆಗೆದು ನನ್ನ ಕೈಗೇ ಕೊಟ್ಟರು.